ಪೂಜ್ಯ ಲಿಂ. ಹಾನಗಲ್ಲ ಕುಮಾರ ಸ್ವಾಮಿಗಳು

ಸ್ವಾಮಿಗಳು ಓದಿ ಬಲ್ಲವರಾದರೆ ಊರಿಗೆ ಬೆಳಕು. ಬರೀ ಕಾವಿ ಉಟ್ಟು ಕೂತರೆ ಊರಿಗೇ ಭಾರ. ಇದನ್ನು ನೂರು ವರ್ಷಕ್ಕೂ ಹಿಂದೆ ಮನಗಂಡವರು ಹಾನಗಲ್ಲ ಕುಮಾರ ಸ್ವಾಮಿಗಳು.

1867ರಲ್ಲಿ ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯ ಬಡ ಮನೆತನದಲ್ಲಿ ಹುಟ್ಟಿದ ಅವರು ಮೊದಲು ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸುವ ಮಾಸ್ತರರಾಗಿದ್ದರು. ಮುಂದೆ ಹಾನಗಲ್ಲ ವಿರಕ್ತಮಠದ ಪೀಠಕ್ಕೆ ಬಂದರೂ ಆ ಮಾಸ್ತರಿಕೆ ಬಿಡಲಿಲ್ಲ. 1909ರಲ್ಲಿ ಬಾದಾಮಿ ಹತ್ತಿರ ಮಲಪ್ರಭಾ ನದಿಯ ದಂಡೆಯ ಮೇಲೆ ಶಿವಯೋಗಮಂದಿರ ಸ್ಥಾಪಿಸಿದರು. ಮುಂದೆ ಮಠಾಧಿಪತಿಗಳಾಗುವ ವಟುಗಳಿಗೆ ಅದೇ ಶಾಲೆ, ಅದೇ ಮನೆ. ಸಂಸ್ಕೃತ, ಯೋಗ, ಸಂಗೀತದ ಪಾಠದ ಜೊತೆಗೆ ಗೋಶಾಲೆ ಇತ್ತು, ವಿಭೂತಿ ತಯಾರಿಕೆ ಇತ್ತು. ಪಟ್ಟಕ್ಕಿಂತ ಪಾಠ ಮೊದಲು, ಮಾತಿಗಿಂತ ದುಡಿಮೆ ಮೊದಲು ಎಂಬುದೇ ಅಲ್ಲಿಯ ರೀತಿ.

ಕಾಡಶೆಟ್ಟಿಹಳ್ಳಿಯ ಹುಟ್ಟು ಕುರುಡರಾದ ಅಣ್ಣತಮ್ಮಂದಿರಿಬ್ಬರನ್ನು ಸ್ವಾಮಿಗಳು ಸಲಹಿ ಸಂಗೀತ ಕಲಿಸಿದರು. ಅಣ್ಣ ಬೇಗನೆ ತೀರಿಕೊಂಡ. ತಮ್ಮನೇ ಪಂಚಾಕ್ಷರಿ ಗವಾಯಿಗಳು. ಅವರು ಗದುಗಿನಲ್ಲಿ ಕಟ್ಟಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳಿಗೆ ಅನ್ನವೂ ವಿದ್ಯೆಯೂ ಸಿಕ್ಕವು.

1930ರಲ್ಲಿ ಸ್ವಾಮಿಗಳು ಲಿಂಗೈಕ್ಯರಾದರು. ತಮಗಾಗಿ ಏನೂ ಇಟ್ಟುಕೊಳ್ಳದೆ ಕಲಿಯುವವರಿಗೆ ದಾರಿ ಮಾಡಿಕೊಟ್ಟ ಈ ಹಿರಿಯರ ನೆನಪು ನಮ್ಮೂರ ಮಕ್ಕಳಿಗೂ ಇರಲಿ.