22 ಮಂದಿಗಾಗಿ ಒಬ್ಬ

ಪೊಲೀಸರೆಂದರೆ ನಮ್ಮಲ್ಲಿ ಅನೇಕರಿಗೆ ಹೆದರಿಕೆಯೇ ಹೆಚ್ಚು. ಆದರೆ ಇಟಲಿಯ ಈ ಯುವ ಪೊಲೀಸ್ ಅಧಿಕಾರಿಯನ್ನು ನೀವು ಅರಿಯಲೇಬೇಕು.

ಸಾಲ್ವೊ ದಾಕ್ವಿಸ್ತೊ 1920ರ ಅಕ್ಟೋಬರ್ 15ರಂದು ನೇಪಲ್ಸ್‌ನಲ್ಲಿ ಜನಿಸಿದರು. ಕರಬಿನಿಯೇರಿ ಎಂಬ ಪೊಲೀಸ್ ದಳವನ್ನು ಸೇರಿ, ಲಿಬಿಯಾದಲ್ಲಿ ಸೇವೆ ಸಲ್ಲಿಸಿ, ಬಳಿಕ ರೋಮ್ ಸಮೀಪದ ತೊರ್ರಿಂಪಿಯೆತ್ರ ಠಾಣೆಗೆ ಬಂದರು. 1943ರ ಸೆಪ್ಟೆಂಬರ್‌ನಲ್ಲಿ ಆ ಪ್ರದೇಶ ಜರ್ಮನ್ ಸೇನೆಯ ವಶವಾಯಿತು. ಮದ್ದುಗುಂಡಿನ ಪೆಟ್ಟಿಗೆಗಳನ್ನು ಪರಿಶೀಲಿಸುವಾಗ ಸ್ಫೋಟ ಸಂಭವಿಸಿ ಜರ್ಮನ್ ಸೈನಿಕರಲ್ಲಿ ಸಾವುನೋವು ಉಂಟಾಯಿತು. ಅದು ಆಕಸ್ಮಿಕವೆಂದು ಸಾಲ್ವೊ ವಿವರಿಸಿದರೂ ಅವರು ನಂಬಲಿಲ್ಲ. ಸೆಪ್ಟೆಂಬರ್ 23ರಂದು 22 ಮಂದಿ ಅಮಾಯಕರನ್ನು ಹಿಡಿದು ತಂದು, ಪಾಲಿದೋರೊ ಗೋಪುರದ ಬಳಿ ಅವರಿಂದಲೇ ಹೊಂಡ ತೋಡಿಸಿದರು.

ಆಗ ಸಾಲ್ವೊ, ತಾವು ಮಾಡದ ತಪ್ಪನ್ನು ತಾವೊಬ್ಬರೇ ಹೊತ್ತುಕೊಂಡರು. ಹಿಡಿದು ತಂದವರೆಲ್ಲ ಬಿಡುಗಡೆಯಾದರು; ಸಾಲ್ವೊರವರನ್ನು ಗುಂಡಿಟ್ಟು ಕೊಂದರು. ಅವರಿಗೆ 23 ತುಂಬಲು ಇನ್ನೂ 22 ದಿನಗಳಿದ್ದವು.

ಇಟಲಿ ದೇಶ ಅವರಿಗೆ ಮರಣೋತ್ತರವಾಗಿ ಶೌರ್ಯದ ಚಿನ್ನದ ಪದಕ ನೀಡಿತು. 2025ರ ಫೆಬ್ರವರಿಯಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಅವರ ಪ್ರಾಣಾರ್ಪಣೆಯನ್ನು ಮಾನ್ಯ ಮಾಡಿದರು.

ಮನೆಯಲ್ಲಿ ತಪ್ಪು ಯಾರದೆಂಬ ಮಾತು ಬಂದಾಗ ಬೆರಳು ತೋರಿಸಲು ನಾವೆಲ್ಲರೂ ಮುಂದು. ಅಂಥ ಗಳಿಗೆಯಲ್ಲಿ, ಆ ಹೊಂಡದ ಅಂಚಿನಲ್ಲಿ ನಿಂತ ಯುವಕನನ್ನು ಒಮ್ಮೆ ನೆನೆಯಿರಿ.