ಸಹಾರಾದ ದಾರಿಯಲ್ಲಿ ಇಬ್ನ್ ಬತೂತ
ನಮ್ಮ ಮಂಗಳೂರಿಗೂ ಬಂದು, ಇಲ್ಲಿ ಸುಮಾರು 4,000 ಮುಸ್ಲಿಮರಿದ್ದಾರೆಂದು ದಾಖಲಿಸಿದ ಇಬ್ನ್ ಬತೂತರ ಹೆಸರು ನಾವೆಲ್ಲ ಕೇಳಿದ್ದೇವೆ. 1304ರಲ್ಲಿ ಮೊರಾಕ್ಕೋದ ತಂಜಾದಲ್ಲಿ ಹುಟ್ಟಿದ ಅವರು 21ರ ಪ್ರಾಯದಲ್ಲಿ ಹಜ್ಜ್‌ಗೆಂದು ಮನೆ ಬಿಟ್ಟವರು, ಲೋಕ ಸುತ್ತಿ ಮರಳಿದ್ದು 1349ರಲ್ಲಿ.

1352ರಲ್ಲಿ ಸಿಜಿಲ್ಮಾಸದಿಂದ ವ್ಯಾಪಾರಿಗಳ ಒಂಟೆ ಖಾಫಿಲಾದ ಜೊತೆ ಸಹಾರಾ ದಾಟಲು ಹೊರಟರು. ದಾರಿ ತೋರಿಸುವವನ ಒಂದು ಕಣ್ಣು ಕುರುಡು, ಇನ್ನೊಂದಕ್ಕೆ ರೋಗ. ಆದರೂ ಆ ದಾರಿ ಅವನಷ್ಟು ಬಲ್ಲವರು ಬೇರೆ ಇರಲಿಲ್ಲ.

ಕೊನೆಯ ಹಂತದಲ್ಲಿ ತಕ್ಷಿಫ್ ಎಂಬವ ಒಬ್ಬನೇ ಮುಂದೆ ಹೋಗಿ ವಲಾತದವರಿಗೆ ಕಾಗದ ಮುಟ್ಟಿಸಬೇಕು. ಅವರು ನೀರು ಹೇರಿಕೊಂಡು ನಾಲ್ಕು ದಿನದ ದಾರಿ ಎದುರು ಬರಬೇಕು. ತಕ್ಷಿಫ್ ದಾರಿಯಲ್ಲಿ ಸತ್ತರೆ ಖಾಫಿಲಾದ ಕಥೆಯೂ ಮುಗಿದ ಹಾಗೆ. ಅವನ ಕೂಲಿ 100 ಮಿಸ್ಕಾಲ್ ಚಿನ್ನ.

ಮೊದಮೊದಲು ಇಬ್ನ್ ಬತೂತರೂ ಖಾಫಿಲಾವನ್ನು ಬಿಟ್ಟು ಮುಂದೆ ಹೋಗುತ್ತಿದ್ದರು. ಒಮ್ಮೆ ಇಬ್ನ್ ಝೀರಿ ಎಂಬವರು ಸಂಬಂಧಿಕನ ಜೊತೆ ಜಗಳವಾಡಿ ಹಿಂದೆ ಉಳಿದರು, ದಾರಿ ತಪ್ಪಿ ಮರಳಲ್ಲೇ ಕಳೆದುಹೋದರು. ಅಂದಿನಿಂದ ಇಬ್ನ್ ಬತೂತ ಮುಂದೆಯೂ ಹೋಗಲಿಲ್ಲ, ಹಿಂದೆಯೂ ಉಳಿಯಲಿಲ್ಲ. ಸುಮಾರು ಎರಡು ತಿಂಗಳಲ್ಲಿ ವಲಾತ ತಲುಪಿದರು. 1355ರಲ್ಲಿ ಇದನ್ನೆಲ್ಲ ಹೇಳಿ ಬರೆಸಿದರು.

ಅಷ್ಟು ಲೋಕ ಕಂಡವರೇ ದಾರಿ ಬಲ್ಲವನ ಹಿಂದೆ ನಡೆದರು. ಒಂದು ಮಾತಿಗೆ ಮುನಿಸಿಕೊಂಡು ಕುಟುಂಬದಿಂದ ದೂರ ಉಳಿಯುವ ಮುಂಚೆ ನಾವೂ ಇಬ್ನ್ ಝೀರಿಯನ್ನು ನೆನೆಯೋಣ.