ಮನೆಮಾತು ತಮಿಳು, ಹೆಸರು ಮಾಸ್ತಿ

ಸಿದ್ದರಬೆಟ್ಟದ ಆಸುಪಾಸಿನ ಸೀಮೆಯಲ್ಲಿ, ಅದರಲ್ಲೂ ಮಧುಗಿರಿಯಿಂದ ಪಾವಗಡದತ್ತ ಸಾಗಿದಂತೆ, ಮನೆಯೊಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ ಎಂಬುದು ಯಾರಿಗೂ ವಿಶೇಷವೆನಿಸದ ಸಂಗತಿ. ನಾನೂ ಅಂಥ ಮನೆಯಿಂದ ಬಂದವನೇ. ಹಾಗಾದರೆ ನೀವು ಕನ್ನಡದವರಲ್ಲವೇ ಎಂಬ ಪ್ರಶ್ನೆ ಎದುರಾದದ್ದು ಬೆಂಗಳೂರು ಸೇರಿದ ಮೇಲೆ. ಆಗೆಲ್ಲ ನನಗೆ ನೆನಪಾಗುವವರು ಮಾಸ್ತಿ ವೆಂಕಟೇಶ ಅಯ್ಯಂಗಾರ್.

1891ರ ಜೂನ್ 6ರಂದು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಜನಿಸಿದ ಅವರದು ತಮಿಳು ಮಾತನಾಡುವ ಶ್ರೀವೈಷ್ಣವ ಮನೆತನ. ಓದಿದ್ದು ಮದರಾಸಿನಲ್ಲಿ, ಇಂಗ್ಲಿಷ್ ಎಂ.ಎ. ಮನೆಮಾತಿನ ನಾಡಿನಲ್ಲೇ ಪದವಿ ಪಡೆದ ತರುಣನಿಗೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರೆಯುವುದಕ್ಕೆ ಅಡ್ಡಿಯೇನಿರಲಿಲ್ಲ. ಆದರೆ ಅವರು ಕಥೆ ಹೇಳಿದ್ದು ಊರಿನ ಭಾಷೆಯಲ್ಲಿ. ಕಾವ್ಯನಾಮವನ್ನು ಮಾತ್ರ ಶ್ರೀನಿವಾಸ ಎಂದಿಟ್ಟುಕೊಂಡರು. ಅದು ಮನೆದೇವರ ಹೆಸರು, ವೆಂಕಟೇಶನ ಮತ್ತೊಂದು ರೂಪ. ಓದುಗರು ಅದನ್ನು ಪುಸ್ತಕದ ಹೊದಿಕೆಗೆ ಬಿಟ್ಟುಕೊಟ್ಟು, ಮಹಾಸತಿ ಎಂಬುದರಿಂದ ಬಂದ ಪುಟ್ಟ ಗ್ರಾಮದ ಹೆಸರಿನಿಂದಲೇ ಅವರನ್ನು ಕರೆದರು. ಪರಂಪರೆ, ಊರು ಎರಡೂ ಹೀಗೆ ಒಬ್ಬರಲ್ಲೇ ತಂಟೆಯಿಲ್ಲದೆ ನೆಲೆಸಿದವು.

1920ರಲ್ಲಿ ಬಂದ ಮೊದಲ ಸಂಕಲನದಲ್ಲೇ 'ರಂಗನ ಮದುವೆ' ಇದೆ. ಇಂಗ್ಲಿಷ್ ಕಲಿತು ಬೆಂಗಳೂರಿನಿಂದ ಮರಳಿದ ಹುಡುಗನನ್ನು ನೋಡಲು ಹೊಸಹಳ್ಳಿಯ ಜನ ಮುಗಿಬೀಳುತ್ತಾರೆ. ಜನಿವಾರ ಉಳಿದಿದೆಯೇ ಎಂದು ಅಜ್ಜಿಯೊಬ್ಬಳು ಎದೆ ಮುಟ್ಟಿ ಪರೀಕ್ಷಿಸುತ್ತಾಳೆ. ಆಧುನಿಕತೆಯ ಬಗೆಗಿನ ಆತಂಕವನ್ನು ಇಷ್ಟು ನಗುನಗುತ್ತ ಹೇಳಿದವರು ವಿರಳ. ಹಳೆಯ ವ್ಯವಸ್ಥೆಯ ಕ್ರೌರ್ಯವನ್ನು ಅವರು ಸಾಕಷ್ಟು ಕಾಣಲಿಲ್ಲವೆಂಬ ಆಕ್ಷೇಪವಿದೆ. ಅದನ್ನು ನಾನು ತಳ್ಳಿಹಾಕಲಾರೆ.

ಮೈಸೂರು ಸಿವಿಲ್ ಸರ್ವಿಸ್ ಸೇರಿ ಜಿಲ್ಲಾಧಿಕಾರಿಯಾದರು. ತಮಗಿಂತ ಕಿರಿಯರಿಗೆ ಬಡ್ತಿ ದೊರೆತಾಗ ರಾಜೀನಾಮೆಯಿತ್ತು ಹೊರಬಂದರು. ಅದಕ್ಕೂ ಬಹಳ ಮುನ್ನ, 1929ರಲ್ಲೇ, ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿಯಲ್ಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದರು. ಅವರು ಒಂಟಿಯೂ ಆಗಿರಲಿಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಕೈಲಾಸಂ, ಪು.ತಿ.ನ. ಅವರದು ತಮಿಳು. ಇವರನ್ನು ಕಳೆದರೆ ನವೋದಯದಲ್ಲಿ ಉಳಿಯುವುದೆಷ್ಟು?

1983ನೇ ಸಾಲಿನ ಜ್ಞಾನಪೀಠ ಅವರಿಗೆ ಸಂದದ್ದು 'ಚಿಕವೀರ ರಾಜೇಂದ್ರ' ಕಾದಂಬರಿಗಾಗಿ. ಅದು ಕೊಡಗಿನ ಕಡೆಯ ಅರಸನ ಕಥೆ. ಕೊಡಗು ಅವರ ಊರೂ ಅಲ್ಲ, ಮನೆತನದ ನೆಲವೂ ಅಲ್ಲ. 1986ರಲ್ಲಿ, ತಮ್ಮ ಹುಟ್ಟುಹಬ್ಬದ ದಿನವೇ, ಬೆಂಗಳೂರಿನಲ್ಲಿ ಅವರು ಕಣ್ಮುಚ್ಚಿದರು.